ಮುಟ್ಟಿದರೆ ಬರುವ ರೋಗ ಇದಲ್ಲ

ಮುಟ್ಟಿದರೆ ಮೈಲಿಗೆ ಅನ್ನುವ ಸುಳ್ಳನ್ನು ಈ ನಾಡು ಸಾವಿರಾರು ವರ್ಷ ನಂಬಿಕೊಂಡು ಬಂತು. ಬಾವಿ ಮುಟ್ಟಬೇಡ ಅಂದರು. ಲೋಟ ಮುಟ್ಟಬೇಡ ಅಂದರು. ನೆರಳೂ ತಾಕಬಾರದು ಅಂದರು. ಹೋಟೆಲಿನ ಹಿಂಬಾಗಿಲಲ್ಲಿ ನಿಂತು ತೆಂಗಿನ ಚಿಪ್ಪಿನಲ್ಲಿ ಕಾಫಿ ಕುಡಿದ ಅಜ್ಜಂದಿರ ಮೊಮ್ಮಕ್ಕಳು ನಾವು. ಮುಟ್ಟುವುದರಲ್ಲಿ ರೋಗ ಇಲ್ಲ, ಮುಟ್ಟಬೇಡ ಅನ್ನುವವನ ತಲೆಯಲ್ಲೇ ರೋಗ ಇರೋದು ಅನ್ನುವ ಪಾಠವನ್ನು ನಮಗೆ ಯಾವ ಮೇಷ್ಟ್ರೂ ಹೇಳಿಕೊಡಬೇಕಾಗಿಲ್ಲ.

ಅಂಥ ನಮ್ಮ ನಡುವೆಯೇ ಈಗ ಒಂದು ತಟ್ಟೆ ಬೇರೆಯಾಗಿದೆ. ಒಂದು ಹಾಸ್ಟೆಲಿನಲ್ಲಿ ಒಬ್ಬ ಹುಡುಗನ ಟ್ರಂಕಿನಲ್ಲಿ ಗುಳಿಗೆ ಡಬ್ಬಿ ಸಿಕ್ಕಿತು. ಅದು ಎಚ್.ಐ.ವಿ. ಗುಳಿಗೆ ಅಂತ ಯಾರೋ ಓದಿ ಹೇಳಿದರು. ಮಾರನೇ ದಿನ ಅವನ ತಟ್ಟೆ ಲೋಟ ಬೇರೆ ಇಟ್ಟರು. ಮೂರನೇ ದಿನ ಅವನ ಹಾಸಿಗೆ ವರಾಂಡಕ್ಕೆ ಬಂತು. ನಾಲ್ಕನೇ ದಿನ 'ಯಾಕಪ್ಪಾ ಎಲ್ರಿಗೂ ತೊಂದ್ರೆ, ಊರಿಗೆ ಹೋಗಿ ಸುಧಾರಿಸ್ಕೊಂಡು ಬಾ' ಅಂತ ಮೇಲಿನವರು ಹೇಳಿದರು. ಯಾವ ಊರು, ಯಾವ ಹಾಸ್ಟೆಲು ಅಂತ ನಾವು ಬರೆಯುವುದಿಲ್ಲ. ಬರೆದರೆ ಅವನ ಗುಟ್ಟನ್ನು ಎರಡನೇ ಸಲ ಬೀದಿಗೆ ಎಳೆದ ಹಾಗೆ ಆಗುತ್ತದೆ. ಆದರೆ ಇಷ್ಟು ಮಾತ್ರ ಕೇಳುತ್ತೇವೆ. ತಟ್ಟೆ ಬೇರೆ ಇಟ್ಟ ಆ ಕೈಗಳು ಯಾರವು? ನಮ್ಮವೇ ಅಲ್ಲವೆ?

ಗೆಳೆಯರೆ, ತಿಳಿಯದಿದ್ದಾಗ ಭಯ ಹುಟ್ಟುತ್ತದೆ. ಭಯ ಹುಟ್ಟಿದಾಗ ಪಕ್ಕದವನು ಶತ್ರುವಾಗುತ್ತಾನೆ. ಆದ್ದರಿಂದ ಈ ಸಂಚಿಕೆಯಲ್ಲಿ ಎಚ್.ಐ.ವಿ. ಬಗ್ಗೆ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇವೆ. ವೀರ್ಯ, ಯೋನಿ, ಸಂಭೋಗ ಅನ್ನುವ ಮಾತುಗಳು ಬರುತ್ತವೆ. ನಾಚಿಕೊಳ್ಳುವವರು ನಾಚಿಕೊಳ್ಳಲಿ. ನಾಚಿಕೆಯಿಂದ ಸತ್ತವರ ಲೆಕ್ಕವೇ ದೊಡ್ಡದಿದೆ.

ಮೊದಲು ಹೆಸರು. ಎಚ್.ಐ.ವಿ. ಬೇರೆ, ಏಡ್ಸ್ ಬೇರೆ. ಎಚ್.ಐ.ವಿ. ಅನ್ನುವುದು ಒಂದು ವೈರಸ್. ನಮ್ಮ ರಕ್ತದಲ್ಲಿ ಸಿ.ಡಿ.4 ಅಂತ ಕರೆಯುವ ಬಿಳಿ ಕಣಗಳಿವೆ. ಊರಿಗೆ ತಳವಾರ ಇದ್ದ ಹಾಗೆ ಮೈಗೆ ಇವು ಕಾವಲು. ಹೊರಗಿನ ರೋಗ ಬಂದರೆ ಕೂಗಿ ಎಲ್ಲರನ್ನೂ ಎಬ್ಬಿಸುವ ಕೆಲಸ ಇವುಗಳದು. ಬೇರೆ ರೋಗಗಳು ತಳವಾರನ ಕಣ್ಣು ತಪ್ಪಿಸಿ ಬರುತ್ತವೆ. ಎಚ್.ಐ.ವಿ. ಹಾಗಲ್ಲ. ಅದು ನೇರವಾಗಿ ತಳವಾರನ ಮನೆಗೇ ನುಗ್ಗಿ, ಅವನ ಒಲೆಯಲ್ಲೇ ಬೇಯಿಸಿಕೊಂಡು ಉಂಡು, ತನ್ನ ಸಂತಾನ ಬೆಳೆಸಿ, ಕೊನೆಗೆ ಅವನನ್ನೇ ಕೊಲ್ಲುತ್ತದೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಈ ಕಣಗಳು 500 ರಿಂದ 1500 ರವರೆಗೆ ಇರುತ್ತವೆ. ಅದು 200 ಕ್ಕಿಂತ ಕೆಳಗೆ ಇಳಿದಾಗ, ಅಥವಾ ಕಾವಲಿಲ್ಲದ ಮೈಗೆ ಕೆಲವು ಗೊತ್ತಾದ ದೊಡ್ಡ ರೋಗಗಳು ನುಗ್ಗಿದಾಗ, ಆ ಸ್ಥಿತಿಗೆ ಏಡ್ಸ್ ಅನ್ನುತ್ತಾರೆ. ಎಚ್.ಐ.ವಿ. ಇರುವವರಿಗೆಲ್ಲ ಏಡ್ಸ್ ಇರುವುದಿಲ್ಲ. ಹೊತ್ತಿಗೆ ಸರಿಯಾಗಿ ಔಷಧಿ ತಗೊಂಡರೆ ಏಡ್ಸ್ ಬರುವುದೇ ಇಲ್ಲ ಅನ್ನಬಹುದು.

ಇದು ಶಾಪವಲ್ಲ, ಯಾವ ದೇವಿಯ ಮುನಿಸೂ ಅಲ್ಲ. ಮಧ್ಯ ಆಫ್ರಿಕದ ಚಿಂಪಾಂಜಿಗಳಲ್ಲಿದ್ದ ವೈರಸ್ಸು 20 ನೇ ಶತಮಾನದ ಮೊದಲ ಭಾಗದಲ್ಲಿ ಮನುಷ್ಯನಿಗೆ ದಾಟಿತು ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. 1981 ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಐದು ಜನ ಯುವಕರಿಗೆ ಅಪರೂಪದ ನ್ಯುಮೋನಿಯ ಬಂದದ್ದು ಮೊದಲ ವರದಿ. ಅವರು ಸಲಿಂಗ ಪ್ರೇಮಿಗಳಾಗಿದ್ದರು. ಅಷ್ಟೇ ಸಾಕಾಯಿತು, 'ಪಾಪಕ್ಕೆ ತಕ್ಕ ಶಿಕ್ಷೆ' ಅಂತ ಧರ್ಮಗುರುಗಳು ಬೋಧನೆ ಶುರು ಮಾಡಿದರು. 1983 ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ಸನ್ನು ಪತ್ತೆ ಹಚ್ಚಿದರು. ಇಂಡಿಯಾದಲ್ಲಿ ಮೊದಲು ಪತ್ತೆಯಾದದ್ದು 1986 ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತ ಪರೀಕ್ಷಿಸಿ ಕಂಡುಹಿಡಿದರು. 'ನಮ್ಮ ಪವಿತ್ರ ದೇಶಕ್ಕೆ ಇದೆಲ್ಲ ಬರೋದಿಲ್ಲ' ಅಂತ ಕೂತಿದ್ದವರ ಬಾಯಿ ಮುಚ್ಚಿತು. ಕಂಡುಹಿಡಿದವರಲ್ಲಿ ಒಬ್ಬಾಕೆ ನಿಮ್ಮ ಹಾಗೆ ಓದುತ್ತಿದ್ದ ಹುಡುಗಿ ಅನ್ನುವುದು ನೆನಪಿರಲಿ.

ಇನ್ನು ಹೇಗೆ ಹರಡುತ್ತದೆ ಅನ್ನುವ ಮಾತು. ಈ ವೈರಸ್ಸು ಇನ್ನೊಬ್ಬರಿಗೆ ದಾಟುವಷ್ಟು ಪ್ರಮಾಣದಲ್ಲಿ ಇರುವುದು ರಕ್ತ, ವೀರ್ಯ, ಯೋನಿಯ ಮತ್ತು ಗುದದ್ವಾರದ ದ್ರವ, ತಾಯಿಯ ಎದೆಹಾಲು, ಇಷ್ಟರಲ್ಲಿ. ಆದ್ದರಿಂದ ಅದು ಬರುವ ದಾರಿಗಳೂ ಎಣಿಸುವಷ್ಟೇ.

ಒಂದು, ಕಾಂಡೋಮ್ ಇಲ್ಲದ ಸಂಭೋಗ. ಗಂಡು ಹೆಣ್ಣಿನ ನಡುವೆ ಆಗಲಿ, ಗಂಡು ಗಂಡಿನ ನಡುವೆ ಆಗಲಿ. ಗುದಸಂಭೋಗದಲ್ಲಿ ಅಪಾಯ ಹೆಚ್ಚು, ಯಾಕೆಂದರೆ ಅಲ್ಲಿನ ತೆಳುವಾದ ಪದರ ಬೇಗ ಗಾಯವಾಗುತ್ತದೆ. ಮೇಹದ ಹುಣ್ಣು, ಲೈಂಗಿಕ ರೋಗ ಇದ್ದರೆ ಅಪಾಯ ಇನ್ನೂ ಹೆಚ್ಚು. ಒಂದೇ ಸಲಕ್ಕೆ ಬಂದೇ ಬರುತ್ತದೆ ಅಂತಿಲ್ಲ, ಒಂದೇ ಸಲಕ್ಕೆ ಬರುವುದಿಲ್ಲ ಅನ್ನುವ ಭರವಸೆಯೂ ಇಲ್ಲ. ನಮ್ಮ ದೇಶದಲ್ಲಿ ಬಹುಪಾಲು ಜನಕ್ಕೆ ಬಂದಿರುವುದು ಈ ದಾರಿಯಿಂದಲೇ.

ಎರಡು, ರಕ್ತ. ವೈರಸ್ ಇರುವ ರಕ್ತ ಏರಿಸಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಅದು ದಾಟುತ್ತದೆ. ಅದಕ್ಕೇ 1989 ರಿಂದ ರಕ್ತನಿಧಿಗಳಲ್ಲಿ ಎಚ್.ಐ.ವಿ. ಪರೀಕ್ಷೆ ಕಡ್ಡಾಯ ಮಾಡಿದರು. ಹೊಟ್ಟೆಗಿಲ್ಲದೆ ರಕ್ತ ಮಾರಿ ಬದುಕುತ್ತಿದ್ದ ಬಡವರು ಈ ದೇಶದ ಪ್ರತಿ ದೊಡ್ಡ ಊರಿನಲ್ಲೂ ಇದ್ದರು. ಸುಪ್ರೀಂ ಕೋರ್ಟಿನ 1996 ರ ತೀರ್ಪಿನ ಮೇಲೆ 1998 ರ ಜನವರಿಯಿಂದ ಆ ವ್ಯಾಪಾರ ನಿಂತಿತು. ಈಗ ರಕ್ತ ಕೊಡುವುದರಿಂದ ಎಚ್.ಐ.ವಿ. ಬರುವುದಿಲ್ಲ. ಹೊಸ ಸೂಜಿ ಹಾಕುತ್ತಾರೆ, ಧೈರ್ಯವಾಗಿ ಕೊಡಿ.

ಮೂರು, ಸೂಜಿ. ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಚುಚ್ಚಿಕೊಂಡರೆ ರಕ್ತಕ್ಕೆ ರಕ್ತ ಸೇರುತ್ತದೆ. ಮಣಿಪುರ, ನಾಗಾಲ್ಯಾಂಡ್, ಮಿಜೋರಾಂಗಳಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರ ನಡುವೆ ಇದು ಹೀಗೇ ಹಬ್ಬಿತು. ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಇಂಜೆಕ್ಷನ್ ಕೊಡುವ ನಕಲಿ ಡಾಕ್ಟರು, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಎಲ್ಲರಿಗೂ ಹಚ್ಚೆ ಹಾಕುವವನು, ಇಬ್ಬರಿಗೂ ಕೈ ಮುಗಿದು ದೂರ ಇರಿ. ಕ್ಷೌರಕ್ಕೆ ಹೋದಾಗ ಹೊಸ ಬ್ಲೇಡು ಕೇಳಿ.

ನಾಲ್ಕು, ತಾಯಿಯಿಂದ ಮಗುವಿಗೆ. ಗರ್ಭದಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ. ಔಷಧಿ ಇಲ್ಲದಿದ್ದರೆ 100 ಮಕ್ಕಳಲ್ಲಿ 15 ರಿಂದ 45 ಮಕ್ಕಳಿಗೆ ದಾಟಬಹುದು. ತಾಯಿ ಔಷಧಿ ತಗೊಂಡು, ಹುಟ್ಟಿದ ಮಗುವಿಗೂ ಕೊಟ್ಟರೆ ಅದು 5 ಕ್ಕಿಂತ ಕೆಳಗೆ ಇಳಿಯುತ್ತದೆ. ಇವತ್ತು ಕಾಲೇಜು ಓದುತ್ತಿರುವ ಎಷ್ಟೋ ಹುಡುಗ ಹುಡುಗಿಯರು ಹುಟ್ಟುವಾಗಲೇ ಇದನ್ನು ಪಡೆದು ಬಂದವರು. ಅವರ 'ನಡತೆ' ಕೇಳುವ ಗಂಡಸರು ಮೊದಲು ತಮ್ಮ ನಾಲಿಗೆಯ ನಡತೆ ನೋಡಿಕೊಳ್ಳಲಿ.

ಇನ್ನು ಹೇಗೆ ಬರುವುದಿಲ್ಲ ಅನ್ನುವುದನ್ನು ಜೋರಾಗಿ ಓದಿ. ಕೈ ಹಿಡಿದರೆ ಬರುವುದಿಲ್ಲ. ತಬ್ಬಿಕೊಂಡರೆ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಒಂದೇ ಬೀಡಿ ಸೇದಿದರೆ ಬರುವುದಿಲ್ಲ (ಬೀಡಿಯಿಂದ ಬರುವ ರೋಗಗಳೇ ಬೇರೆ). ಒಂದೇ ಕಕ್ಕಸು, ಒಂದೇ ಬಕೆಟ್ಟು, ಒಂದೇ ಚಾದರದಿಂದ ಬರುವುದಿಲ್ಲ. ಕೆಮ್ಮು, ಸೀನು, ಬೆವರು, ಕಣ್ಣೀರು, ಎಂಜಲಿನಿಂದ ಬರುವುದಿಲ್ಲ. 'ಸೊಳ್ಳೆ ಕಚ್ಚಿದ್ರೆ?' ಅಂತ ಕೇಳುತ್ತೀರಿ. ಸೊಳ್ಳೆ ಕಚ್ಚುವಾಗ ಒಳಕ್ಕೆ ಬಿಡುವುದು ತನ್ನ ಜೊಲ್ಲನ್ನು, ಹಿಂದಿನವನ ರಕ್ತವನ್ನಲ್ಲ. ಅದರ ಹೊಟ್ಟೆಗೆ ಹೋದ ಈ ವೈರಸ್ಸು ಅಲ್ಲೇ ಜೀರ್ಣವಾಗಿ ಹೋಗುತ್ತದೆ. ಸೊಳ್ಳೆಯಿಂದಲೇ ಬರುವಂತಿದ್ದರೆ ನಮ್ಮ ಹಾಸ್ಟೆಲುಗಳಲ್ಲಿ ಇಷ್ಟು ಹೊತ್ತಿಗೆ ಒಬ್ಬರೂ ಉಳಿಯುತ್ತಿರಲಿಲ್ಲ.

ಲಕ್ಷಣಗಳೇನು? ವೈರಸ್ ಒಳಗೆ ಬಂದ ಎರಡರಿಂದ ನಾಲ್ಕು ವಾರದಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಕೈ ನೋವು, ಮೈಮೇಲೆ ಕೆಂಪು ಗಂಧೆ, ಕುತ್ತಿಗೆ ಕಂಕುಳಲ್ಲಿ ಗಡ್ಡೆ ಕಾಣಿಸಿಕೊಳ್ಳುತ್ತವೆ. ಸಾಮಾನ್ಯ ಜ್ವರದ ಹಾಗೆಯೇ ಬಂದು ತಾನಾಗಿಯೇ ಹೋಗುತ್ತದೆ. ಕೆಲವರಿಗೆ ಅದೂ ಇಲ್ಲ. ಆಮೇಲೆ ಮೌನ. ಎಂಟು ಹತ್ತು ವರ್ಷ ಏನೂ ತೋರದೆ ಇರಬಹುದು. ಮನುಷ್ಯ ಗಟ್ಟಿಮುಟ್ಟಾಗಿ ಓಡಾಡುತ್ತಾನೆ, ಕಬಡ್ಡಿ ಆಡುತ್ತಾನೆ, ಮದುವೆ ಆಗುತ್ತಾನೆ. ಒಳಗೆ ಸಿ.ಡಿ.4 ಕಣಗಳು ಒಂದೊಂದಾಗಿ ಸಾಯುತ್ತಿರುತ್ತವೆ. ಅವನಿಂದ ಇನ್ನೊಬ್ಬರಿಗೆ ದಾಟುತ್ತಲೂ ಇರುತ್ತದೆ. ಆದ್ದರಿಂದ 'ನೋಡಿದ್ರೆ ಗೊತ್ತಾಗುತ್ತೆ' ಅನ್ನುವ ಮಾತು ಬರೀ ಸುಳ್ಳು.

ಔಷಧಿ ಇಲ್ಲದೆ ಕಾವಲು ಪೂರ್ತಿ ಬಿದ್ದಾಗ ಕಾಣುವುದು ಏಡ್ಸ್. ಯಾವ ಕಾರಣವೂ ಇಲ್ಲದೆ ಮೈತೂಕದಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಇಳಿಯುವುದು. ತಿಂಗಳಿಗೂ ಮೀರಿ ಬಿಡದ ಜ್ವರ, ತಿಂಗಳಿಗೂ ಮೀರಿ ನಿಲ್ಲದ ಭೇದಿ. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು. ನಾಲಿಗೆ, ಗಂಟಲ ಒಳಗೆ ಮೊಸರು ಮೆತ್ತಿದಂಥ ಬಿಳಿ ಪದರ. ಮತ್ತೆ ಮತ್ತೆ ಬರುವ ಸರ್ಪಸುತ್ತು. ನ್ಯುಮೋನಿಯ, ಮೆದುಳಿನ ಪೊರೆಗೆ ತಗಲುವ ಸೋಂಕು, ಕೆಲವು ಬಗೆಯ ಕ್ಯಾನ್ಸರು. ಎಲ್ಲಕ್ಕಿಂತ ಹೆಚ್ಚಾಗಿ ಕ್ಷಯ. ಎಚ್.ಐ.ವಿ. ಇರುವವರನ್ನು ಅತಿ ಹೆಚ್ಚು ಕೊಲ್ಲುವುದು ಕ್ಷಯರೋಗವೇ. ಗಾಳಿ ಬೆಳಕಿಲ್ಲದ ಗುಡಿಸಲಲ್ಲಿ, ಒಂದು ಕೋಣೆಗೆ ಹನ್ನೆರಡು ಜನರನ್ನು ತುಂಬಿದ ಹಾಸ್ಟೆಲಿನಲ್ಲಿ ಕ್ಷಯ ಎಷ್ಟು ಸಲೀಸಾಗಿ ಓಡಾಡುತ್ತದೆ ಅಂತ ನಿಮಗೇ ಗೊತ್ತು.

ಆದರೆ ಈ ಪಟ್ಟಿ ಹಿಡಿದುಕೊಂಡು ಪಕ್ಕದ ಮಂಚದವನನ್ನು ಅಳೆಯಲು ಹೋಗಬೇಡಿ. ಜ್ವರ, ಭೇದಿ, ಸೊರಗುವುದು, ಇವಕ್ಕೆ ನೂರು ಕಾರಣ ಇರುತ್ತವೆ. ಹಾಸ್ಟೆಲಿನ ನೀರುಸಾರು ಉಂಡು ಯಾರು ತಾನೆ ದಪ್ಪಗಾಗ್ತಾರೆ? ಎಚ್.ಐ.ವಿ. ಇದೆಯೋ ಇಲ್ಲವೋ ಅಂತ ಹೇಳುವುದು ರಕ್ತ ಪರೀಕ್ಷೆ ಒಂದೇ.

ಪರೀಕ್ಷೆ ಎಲ್ಲಿ? ಜಿಲ್ಲಾ ಮತ್ತು ತಾಲೂಕು ಸರ್ಕಾರಿ ಆಸ್ಪತ್ರೆಗಳಲ್ಲಿ ಐ.ಸಿ.ಟಿ.ಸಿ. ಅನ್ನುವ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಇರುತ್ತದೆ. ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಇನ್ನೊಬ್ಬರಿಗೆ ಹೇಳುವಂತಿಲ್ಲ. ಒಂದು ವಿಷಯ ತಿಳಿದಿರಲಿ. ವೈರಸ್ ಬಂದ ಕೂಡಲೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅದರ ವಿರುದ್ಧ ಮೈ ತಯಾರಿಸುವ ಕಣಗಳು ಕಾಣಿಸಿಕೊಳ್ಳಲು ಕೆಲವು ವಾರ ಬೇಕು. ಆದ್ದರಿಂದ ಅನುಮಾನ ಇದ್ದರೆ ಮೂರು ತಿಂಗಳ ಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡಿಸಿ. ಕಾಂಡೋಮ್ ಹರಿದು ಹೋಯಿತು, ಬಲಾತ್ಕಾರ ನಡೆಯಿತು, ಆಸ್ಪತ್ರೆ ಕೆಲಸದಲ್ಲಿ ಸೂಜಿ ಚುಚ್ಚಿತು ಅಂತಾದರೆ 72 ಗಂಟೆಯೊಳಗೆ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಓಡಿ. 28 ದಿನ ಗುಳಿಗೆ ತಗೊಂಡರೆ ವೈರಸ್ ಬೇರೂರದಂತೆ ಬಹುಮಟ್ಟಿಗೆ ತಡೆಯಬಹುದು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಕೇಳಲು ಅಂಜಿಕೆ ಇದ್ದವರಿಗೆ 1097 ಅನ್ನುವ ಉಚಿತ ಫೋನು ಇದೆ. ಹೆಸರು ಹೇಳದೆ ಕೇಳಬಹುದು.

ಔಷಧಿ ಇದೆಯೆ? ಇದೆ. ಬುಡಸಮೇತ ಕೀಳುವ ಔಷಧಿ ಇನ್ನೂ ಎಲ್ಲರ ಕೈಗೆ ಬಂದಿಲ್ಲ. ಆದರೆ ವೈರಸ್ಸನ್ನು ಕಟ್ಟಿ ಕೂರಿಸುವ ಔಷಧಿ ಇದೆ. ಅದಕ್ಕೆ ಎ.ಆರ್.ಟಿ. ಅನ್ನುತ್ತಾರೆ. 2004 ರ ಏಪ್ರಿಲ್‌ನಿಂದ ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತಿದೆ. 2017 ರಿಂದ ಸಿ.ಡಿ.4 ಎಷ್ಟೇ ಇರಲಿ, ಪತ್ತೆಯಾದವರಿಗೆಲ್ಲ ಶುರು ಮಾಡುತ್ತಾರೆ. ಬಹಳ ಜನಕ್ಕೆ ದಿನಕ್ಕೆ ಒಂದೇ ಗುಳಿಗೆ. ಬಿಡದೆ ತಗೊಂಡರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೆ ಸಿಗದ ಸ್ಥಿತಿಯಲ್ಲಿ ಉಳಿದವರಿಂದ ಸಂಭೋಗದ ಮೂಲಕವೂ ಇನ್ನೊಬ್ಬರಿಗೆ ದಾಟುವುದಿಲ್ಲ. ಇದು ಸಾವಿರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ ವಿಜ್ಞಾನ ಹೇಳಿದ ಮಾತು. ಅಂದರೆ ಆ ಟ್ರಂಕಿನ ಗುಳಿಗೆ ಡಬ್ಬಿ ಹೆದರಬೇಕಾದ ವಸ್ತು ಅಲ್ಲವೇ ಅಲ್ಲ. ಗುಳಿಗೆ ನುಂಗುವ ಹುಡುಗ ತನ್ನನ್ನೂ ಕಾಯುತ್ತಿದ್ದಾನೆ, ಊರನ್ನೂ ಕಾಯುತ್ತಿದ್ದಾನೆ. ಅವನನ್ನು ಓಡಿಸಿದರೆ ಗುಳಿಗೆ ತಪ್ಪುತ್ತದೆ. ಗುಳಿಗೆ ತಪ್ಪಿದರೆ ಮಲಗಿದ್ದ ವೈರಸ್ಸು ಏಳುತ್ತದೆ, ಔಷಧಿಗೆ ಬಗ್ಗದಂತೆ ಪಳಗಿಯೂ ಬಿಡಬಹುದು.

'ನಮ್ಮಲ್ಲಿ ಬೇರು ಇದೆ, ಮೂರು ತಿಂಗಳಲ್ಲಿ ವಾಸಿ' ಅನ್ನುವವರನ್ನು ನಂಬಬೇಡಿ. ಅವರು ಕೀಳುವುದು ನಿಮ್ಮ ಜೇಬನ್ನು. ಕನ್ಯೆಯ ಜೊತೆ ಮಲಗಿದರೆ ವಾಸಿಯಾಗುತ್ತದೆ ಅನ್ನುವ ನೀಚ ಮಾತೂ ಕೆಲವು ಕಡೆ ಇದೆ. ಅದು ಔಷಧಿಯಲ್ಲ, ಅತ್ಯಾಚಾರ.

ಈ ರೋಗಕ್ಕೆ ಜಾತಿ ಗೊತ್ತಿಲ್ಲ, ನಿಜ. ಆದರೆ ಜಾತಿಗೆ ಈ ರೋಗದ ದಾರಿ ಚೆನ್ನಾಗಿ ಗೊತ್ತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳದ ಕಡೆ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಯಾವ ಕೇರಿಯವರು? ಯಾವ ಶಾನುಭೋಗನ ಮಗಳಿಗೂ ಮುತ್ತು ಕಟ್ಟಲಿಲ್ಲ. ಕಟ್ಟಿದ್ದು ನಮ್ಮ ಅಕ್ಕಂದಿರಿಗೆ. ಊರ ದೊಡ್ಡವರ ಮನೆಯಿಂದ ಶುರುವಾದ ಅವರ ದಾರಿ ಮುಂಬೈ, ಪುಣೆಯ ಓಣಿಗಳವರೆಗೆ ಹೋಯಿತು. 1982 ರಲ್ಲಿ ಕರ್ನಾಟಕ ಸರ್ಕಾರ ಇದನ್ನು ನಿಷೇಧಿಸಿ ಕಾನೂನು ಮಾಡಿತು. ಎಚ್.ಐ.ವಿ. ಬಂದಾಗ ಕಾನೂನು ಪುಸ್ತಕದಲ್ಲಿತ್ತು, ಅಕ್ಕಂದಿರು ಓಣಿಯಲ್ಲೇ ಇದ್ದರು. ಮಳೆಯಿಲ್ಲದೆ ಗುಳೆ ಹೋದ ಗಂಡಸರು ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿದರು. ಕೆಲವರು ಸಂಬಳದ ಜೊತೆಗೆ ಇದನ್ನೂ ತಂದರು. ಗಂಡನೊಬ್ಬನನ್ನು ಬಿಟ್ಟು ಯಾರನ್ನೂ ಅರಿಯದ ಹೆಂಡತಿಗೆ ಗಂಡನಿಂದಲೇ ಬಂತು. ಗಂಡ ಸತ್ತ ಮೇಲೆ 'ಮಗನನ್ನು ತಿಂದವಳು' ಅಂತ ಅತ್ತೆಮನೆಯಿಂದ ಹೊರಗೆ ಹಾಕಿದ್ದು ಅವಳನ್ನೇ. 2023 ರ ಸರ್ಕಾರಿ ಅಂದಾಜಿನಂತೆ ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್.ಐ.ವಿ. ಜೊತೆ ಬದುಕುತ್ತಿದ್ದರು. ಸಂಖ್ಯೆಯ ಲೆಕ್ಕದಲ್ಲಿ ಮಹಾರಾಷ್ಟ್ರ, ಆಂಧ್ರದ ನಂತರ ನಮ್ಮ ಕರ್ನಾಟಕ.

ಇಷ್ಟಾದರೂ ದಾರಿ ತೋರಿದವರು ಯಾರು? ಯಾರನ್ನು ಸಮಾಜ ಕೆಟ್ಟವರು ಅಂದಿತೋ ಅವರೇ. ಕಲ್ಕತ್ತೆಯ ಸೋನಾಗಾಚಿಯಲ್ಲಿ 1992 ರಲ್ಲಿ ಡಾ. ಸ್ಮರಜಿತ್ ಜಾನಾ ಕೆಲಸ ಶುರು ಮಾಡಿದಾಗ ಲೈಂಗಿಕ ಕಾರ್ಯಕರ್ತೆಯರೇ ಮನೆಮನೆಗೆ ಹೋಗಿ ಕಾಂಡೋಮಿನ ಮಾತು ಹೇಳಿದರು. ಆಮೇಲೆ ತಮ್ಮದೇ ಸಂಘ ಕಟ್ಟಿದರು. ನಮ್ಮ ಮೈಸೂರಿನಲ್ಲಿ ಆಶೋದಯ ಸಮಿತಿಯವರೂ ಹೀಗೇ ತಮ್ಮವರನ್ನು ತಾವೇ ಕಾಪಾಡಿಕೊಂಡರು. ಉಪದೇಶದಿಂದ ಆಗದ ಕೆಲಸ ಸಂಘಟನೆಯಿಂದ ಆಯಿತು. ಈ ಮಾತನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಓಡಿಸುವುದರಿಂದ ರೋಗ ನಿಲ್ಲುವುದಿಲ್ಲ ಅನ್ನುವುದಕ್ಕೆ ಗೋವಾದ ಡೊಮಿನಿಕ್ ಡಿಸೋಜಾ ಸಾಕ್ಷಿ. ಅವರು ಸ್ವಂತ ಇಚ್ಛೆಯಿಂದ ರಕ್ತ ಕೊಡುತ್ತಿದ್ದ ಯುವಕ. 1989 ರಲ್ಲಿ ರಕ್ತದಲ್ಲಿ ಎಚ್.ಐ.ವಿ. ಕಂಡಿತು ಅಂತ ಪೊಲೀಸರು ಹಿಡಿದು ಕ್ಷಯದ ಹಳೇ ಆಸ್ಪತ್ರೆಯೊಂದರಲ್ಲಿ 64 ದಿನ ಒಬ್ಬಂಟಿಯಾಗಿ ಕೂಡಿ ಹಾಕಿದರು. ಕಳ್ಳತನ ಮಾಡಿರಲಿಲ್ಲ, ಕೊಲೆ ಮಾಡಿರಲಿಲ್ಲ. ಅವರು ಕೋರ್ಟಿಗೆ ಹೋದರು, ಹೊರಗೆ ಬಂದು ಎಲ್ಲರ ಮುಂದೆ ಮಾತಾಡಿದರು. 1992 ರಲ್ಲಿ ತೀರಿಕೊಂಡರು. ಅಂಥವರ ಹೋರಾಟದ ದಾರಿಯಲ್ಲೇ 2017 ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ ಬಂತು. 2018 ರ ಸೆಪ್ಟೆಂಬರ್ 10 ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಎಚ್.ಐ.ವಿ. ಇದೆ ಅನ್ನುವ ಕಾರಣಕ್ಕೆ ಶಾಲೆ ಕಾಲೇಜು, ಕೆಲಸ, ಆಸ್ಪತ್ರೆ, ಬಾಡಿಗೆ ಮನೆ, ಯಾವುದರಲ್ಲೂ ಭೇದ ಮಾಡುವಂತಿಲ್ಲ. ಅಂಥವರ ಮೇಲೆ ದ್ವೇಷ ಹರಡಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು. ದೂರು ಕೇಳಲು ರಾಜ್ಯಕ್ಕೊಬ್ಬ ಓಂಬುಡ್ಸ್‌ಮನ್ ಇರಬೇಕು. ತಂದೆ ತಾಯಿ ಇಲ್ಲವಾದ ಇಂಥ ಮನೆಯಲ್ಲಿ ಸಂಸಾರ ನಿಭಾಯಿಸುವಷ್ಟು ತಿಳಿವಳಿಕೆ ಬಂದ, 12 ರಿಂದ 18 ವರ್ಷದೊಳಗಿನ ಅಕ್ಕನೋ ಅಣ್ಣನೋ ತಮ್ಮ ತಂಗಿಯನ್ನು ಶಾಲೆಗೆ ಸೇರಿಸಲು ಪೋಷಕರಾಗಬಹುದು ಅಂತಲೂ ಆ ಕಾಯ್ದೆ ಹೇಳುತ್ತದೆ. ಅಂದಮೇಲೆ ಆ ಹುಡುಗನಿಗೆ 'ಊರಿಗೆ ಹೋಗು' ಅಂದದ್ದು ಬರೀ ಕ್ರೂರ ಮಾತಲ್ಲ, ಕಾನೂನು ಮುರಿದ ಮಾತು. ಅವನು ವಾಪಸ್ ಬರಬೇಕು. ಅವನ ಮಂಚ ಅವನಿಗೆ ಸಿಗಬೇಕು. ಇದು ಯಾರ ದಯೆಯೂ ಅಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಪ್ರತಿ ಹಾಸ್ಟೆಲಿನಲ್ಲಿ ವರ್ಷಕ್ಕೆ ಎರಡು ಸಲವಾದರೂ ಸರ್ಕಾರಿ ಆಸ್ಪತ್ರೆಯ ಸಮಾಲೋಚಕರು ಬಂದು ಹುಡುಗ ಹುಡುಗಿಯರ ಪ್ರಶ್ನೆಗಳಿಗೆ ನೇರ ಉತ್ತರ ಕೊಡಬೇಕು. ಡಿಸೆಂಬರ್ 1 ರಂದು ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡರೆ ಮುಗಿಯಲಿಲ್ಲ. ಗುಳಿಗೆ ತರಲು ಹೋಗುವ ವಿದ್ಯಾರ್ಥಿಗೆ ಕಾರಣ ಕೇಳದೆ ರಜೆ ಕೊಡಬೇಕು. ಯಾರ ಕಾಯಿಲೆಯ ಗುಟ್ಟನ್ನೂ ವಾರ್ಡನ್ ಆಗಲಿ ಅಡುಗೆಯವರಾಗಲಿ ಬಯಲು ಮಾಡಬಾರದು.

ಇದು ಮೇಲಿನವರಿಗೆ. ನಮಗೆ ನಾವೇ ಹೇಳಿಕೊಳ್ಳುವುದೂ ಇದೆ. ಅನುಮಾನ ಇದ್ದವರು ಪರೀಕ್ಷೆ ಮಾಡಿಸೋಣ. ಕಾಂಡೋಮ್ ಕೊಳ್ಳಲು ನಾಚಿಕೊಳ್ಳುವ ಗಂಡಸುತನ ನಮಗೆ ಬೇಡ. ಇನ್ನೊಬ್ಬರ ಟ್ರಂಕು ನಾವು ತೆಗೆಯುವುದಿಲ್ಲ. ಯಾರಾದರೂ ನಂಬಿ ಹೇಳಿಕೊಂಡರೆ ಆ ಮಾತು ನಮ್ಮಲ್ಲೇ ಉಳಿಯಲಿ. ಊಟದ ಸಾಲಿನಲ್ಲಿ ಯಾರ ಪಕ್ಕದ ಜಾಗ ಖಾಲಿ ಇದೆಯೋ ಅಲ್ಲಿ ಹೋಗಿ ಕೂರೋಣ.

ಈ ಹಾಳೆ ಓದಿದ ಮೇಲೆ ಪುಸ್ತಕದೊಳಗೆ ಮಡಚಿ ಇಡಬೇಡಿ. ಊಟದ ಮನೆ ಗೋಡೆಗೆ ಅಂಟಿಸಿ. ಓದು ಬಾರದ ಅವ್ವನಿಗೆ, ಅಕ್ಕನಿಗೆ ಓದಿ ಹೇಳಿ.